ಚೌಕಕ್ಕೇರಿದ ಒಂದನೇ ಲೆವೆಲ್

ಬಾಳಕ್ಕ: ಮದಲ ಅವರನ್ನ ಕೆಳಗ ಇಳಸ್ರಿ. ಚಹಾ ಆಮ್ಯಾಲ.

ರಾವಸಾಹೇಬ: ಯಾರನ್ನ?

ಬಾಳಕ್ಕ: ಚೌಕದಾಗ ಕಂಬಾ ಏರಿ ನಿಂತಾರಲ್ಲ, ಕರೀ ಚಷ್ಮಾ ಹಾಕ್ಕೊಂಡು, ಕಿವಿಗೆ ಫೋನ ಹಚ್ಗೊಂಡು, ಅವರನ್ನ.

ರಾವಸಾಹೇಬ: ಅಯ್ಯ, ಅಂವಾ ನಾನ ಅಲ್ಲೇನ!

ಬಾಳಕ್ಕ: ಗೊತ್ತೈತ್ರಿ. ಲಗ್ನಾ ಆದಾಗಿಂದ ನೋಡಾಕತ್ತೇನಿ. ಇಷ್ಟ ದೊಡ್ಡವ್ರಾಗಿದ್ದ ಮಾತ್ರ ನಿನ್ನಿನ ನೋಡಿದ್ನಿ.

ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಗಡಹಿಂಗ್ಲಜದ ಆ ಚೌಕದಲ್ಲಿ ನಿನ್ನೆ ಬೆಳಗಿನಿಂದ ನಿಂತಿದ್ದ ಫ್ಲೆಕ್ಸು ಬಾಳಕ್ಕನ ಅಡುಗೆಮನೆಯ ಕಿಟಕಿಗೂ ಕಾಣುತ್ತಿತ್ತು. ಮೇಲೆ ಕೆಂಪು ಅಕ್ಷರದಲ್ಲಿ ‘ಹಾರ್ದಿಕ ಅಭಿನಂದನ’. ನಡುವೆ, ಕೊಲ್ಹಾಪುರದ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಭಂಗಿಯಲ್ಲಿ, ಬೆಲ್ಲದ ಅಡತಿ ಅಂಗಡಿಯ ರಾವಸಾಹೇಬರು. ಅವರ ಮೀಸೆಯ ಪಕ್ಕದಲ್ಲಿ ಉಳಿದ ಜಾಗದಲ್ಲಿ ಮಗಳು ರುತುಜಾ. ಅವಳ ಕೆಳಗೆ ಮರಾಠಿಯಲ್ಲಿ ಒಂದು ಸಾಲು: ನಮ್ಮ ಮುದ್ದಿನ ಕನ್ಯೆ ಕಾಲೇಜಿನ ಇಂಗ್ಲಿಷ್ ಬರವಣಿಗೆ ತರಗತಿಯ ‘ಲೆವೆಲ್ ಒಂದಕ್ಕೆ’ ಆಯ್ಕೆಯಾದ ಪ್ರಯುಕ್ತ. ಅದರ ಕೆಳಗೆ ಶುಭ ಕೋರುವವರ ತಲೆಗಳು, ಬೆಲ್ಲದ ವ್ಯಾಪಾರಿಗಳು, ಮೆಣಸಿನಕಾಯಿ ವ್ಯಾಪಾರಿಗಳು, ಯಾರೆಂದು ಯಾರಿಗೂ ಗೊತ್ತಿಲ್ಲದ ಇಬ್ಬರು ತರುಣರು. ಈ ತಲೆಗಳನ್ನು ಕೂಡಿಸಲಿಕ್ಕೆ ರಾವಸಾಹೇಬರು ಒಂದು ವಾರ ಊರು ಸುತ್ತಿದ್ದರು.

ರಾವಸಾಹೇಬ: ಇಳಸಂತ ಇಳಸ್! ಅದನ್ನ ಕಟ್ಟಸಾಕ ನಾ ಬಿಸಲಾಗ ನಿಂತ ಹಗ್ಗಾ ಹಿಡದೇನಿ.

ಬಾಳಕ್ಕ: ಹುಡುಗಿ ನಿನ್ನಿ ಸಂಜಿಂದ ಖೋಲ್ಯಾಗ ಚಿಲಕಾ ಹಾಕ್ಕೊಂಡ ಕುಂತೈತಿ. ಉಂಡಿಲ್ಲ. ಇನ್ನ ಕಾಲೇಜಿಗೆ ಹೋಗೂದಿಲ್ಲ ಅಂತೈತಿ.

ರಾವಸಾಹೇಬ: ನಾಚಿಕಿ ಇರತೈತಿ ಬಾಳಕ್ಕ. ಮಂದಿ ಹೊಗಳಿದ್ರ ಹುಡುಗೂರ ನಾಚಕೋತಾವ.

ಬಾಳಕ್ಕ: ನಾಚಿಕಿ ಅನ್ನೂದ ಖರೆ. ಹೊಗಳಿದ್ದಕ್ಕಲ್ಲ.

ಹೆಸರಿನಲ್ಲೇ ಅಕ್ಕ ಇದ್ದದ್ದರಿಂದ ಗಂಡನೂ ಅಕ್ಕ ಎಂದೇ ಕರೆಯಬೇಕಾದ ಹೆಣ್ಣು ಬಾಳಕ್ಕ. ಹಾಗೆ ಕರೆಸಿಕೊಂಡು ಕರೆಸಿಕೊಂಡು ಗಂಡನಿಗೆ ಬುದ್ಧಿ ಹೇಳುವ ಹಕ್ಕು ತನಗೆ ತಾನಾಗಿಯೇ ಬಂದಿದೆ ಎಂದು ಅವಳು ತಿಳಿದಿದ್ದಳು. ಆದರೆ ಈ ಬೆಳಿಗ್ಗೆ ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ರಾವಸಾಹೇಬರ ಅಕ್ಕ ಶಿರೋಳದಲ್ಲಿ ಕುಂಕುಮದ ಭರಣಿ ಹಿಡಿದು ಕೂತಿದ್ದಾಳೆ. ಹುಡುಗಿ ಕಾಲೇಜು ಬಿಟ್ಟಳು ಎಂಬ ಸುದ್ದಿ ಮುಟ್ಟಿದರೆ ಸಾಕು, ಅದೇ ದಿನದ ಬಸ್ಸಿಗೆ ತನ್ನ ಮಗನ ಜಾತಕ ಕಳಿಸಿಬಿಡುತ್ತಾಳೆ. ಬಾಳಕ್ಕನಿಗೆ ತನ್ನ ಮಗಳು ಕಲಿಯಬೇಕಾಗಿತ್ತು. ಅದೊಂದೇ ಅವಳ ಆಸೆ, ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ.

ಬಾಳಕ್ಕ: ಲೆವೆಲ್ ಒಂದಂದ್ರ ಏನಂತ ತಿಳದೀರಿ?

ರಾವಸಾಹೇಬ: ಒಂದಂದ್ರ ಒಂದ. ಒಂದ ನಂಬರ! ಬಂಗಾರದಂಥಾ ಬಣ್ಣ, ಮುರದ್ರ ಒಳಗ ಹರಳಿನಂಥಾ ಕಣಿ, ಅಂಥಾ ಪೆಂಟಿಗೆ ಒಂದ ಅಂತೇವಿ. ಎರಡಂದ್ರ ಕೆಂಪ. ಮೂರಂದ್ರ ಕರೇದು, ದನಕ್ಕ ಹಾಕ್ತಾರ.

ಬಾಳಕ್ಕ: ನಿಮ್ಮ ಮಗಳ ಬೆಲ್ಲದ ಪೆಂಟಿ ಅಲ್ರಿ.

ರಾವಸಾಹೇಬ: ಅಕಿ ಬಂಗಾರ. ಅದಕ್ಕ ಒಂದ.

ಬಾಳಕ್ಕ: ಕಾಲೇಜಿನ್ಯಾಗ ಹಂಗಲ್ರಿ. ಅಲ್ಲಿ ತಿರಗಾಮುರಗಾ.

ರಾವಸಾಹೇಬ: ಏನ ತಿರಗಾಮುರಗಾ? ಲಿಲಾವಿನಾಗ ಯಾಂವರೆ ನಿಂತು ‘ಮೂರ ನಂಬರ ಮಾಲ ಭಾರೀ ಐತಿ, ಬರ್ರಿ’ ಅಂತ ಒದರ್ಯಾನೇನ? ದರ್ಜಾ ಅಂದ್ರ ದರ್ಜಾ. ಬೆಲ್ಲಕ್ಕೊಂದು ಹುಡುಗೂರಿಗೊಂದು ಇರತೈತೇನ?

ಬಾಳಕ್ಕ: ಇರ್ಲಿ. ಸಾಳ್ಯಾಗ ಒಂದನೇ ಇಯತ್ತೆ ಮ್ಯಾಲೋ, ಹತ್ತನೇ ಇಯತ್ತೆ ಮ್ಯಾಲೋ?

ರಾವಸಾಹೇಬ: ಹತ್ತ ಮ್ಯಾಲ. ಅದೇನ ಕೇಳ್ತಿ?

ಬಾಳಕ್ಕ: ಮನಿ ಕಟ್ಟಿದ್ರ ಒಂದನೇ ಮಜಲಾ ಮ್ಯಾಲೋ, ಮೂರನೇ ಮಜಲಾ ಮ್ಯಾಲೋ?

ರಾವಸಾಹೇಬ: ಮೂರನೇದ. ನೀ ಏನ ನನ್ನ ಪರೀಕ್ಷಾ ತಗೊಳ್ಳಾಕತ್ತಿ?

ಬಾಳಕ್ಕ: ಪಾಸಾದ್ರಿ. ನಿಮ್ಮ ಮಗಳ ಒಂದನೇ ಮಜಲಾದಾಗ ಅದಾಳ್ರಿ.

ರಾವಸಾಹೇಬರ ಕೈ ಖಾಲಿ ಬಸಿಯ ಮೇಲೆ ನಿಂತಿತು. ಕಿಟಕಿಯಾಚೆ ಚೌಕದಲ್ಲಿ ಇನ್ನೊಬ್ಬ ರಾವಸಾಹೇಬರು ಮಾತ್ರ ಯಾವ ಚಿಂತೆಯೂ ಇಲ್ಲದೆ ಫೋನಿನಲ್ಲಿ ಮಾತಾಡುತ್ತಲೇ ಇದ್ದರು.

ರಾವಸಾಹೇಬ: ಅಂದ್ರ... ಮೂರ ಮ್ಯಾಲ?

ಬಾಳಕ್ಕ: ಮೂರ ಮ್ಯಾಲ.

ರಾವಸಾಹೇಬ: ಅಂದ್ರ ನಿನ್ನ ತಮ್ಮ ಅಪ್ಪಣ್ಣನ ಮಗ, ಆ ನಿಲ್ಯಾ...

ಬಾಳಕ್ಕ: ಮ್ಯಾಲ.

ರಾವಸಾಹೇಬ: ಮತ್ತ ನಾ ಅವರ ಮನಿಗೆ ಹೋಗಿ...

ಬಾಳಕ್ಕ: ಬಾಳಿಹಣ್ಣ ಒಯ್ದು, ಸಮಾಧಾನಾ ಹೇಳಿ ಬಂದ್ರಿ. ನಾ ಬಾಜೂಕ ಕುಂತಿದ್ನಿ.

ಕಳೆದ ವಾರದ ಮಾತು ಅದು. ನಿಲೇಶನಿಗೆ ಲೆವೆಲ್ ಮೂರು ಸಿಕ್ಕಿತು ಎಂದು ಕೇಳಿದ ಕೂಡಲೇ ರಾವಸಾಹೇಬರು ಮೆಣಸಿನಕಾಯಿ ವ್ಯಾಪಾರಿ ಅಪ್ಪಣ್ಣನ ಮನೆಗೆ ಧಾವಿಸಿ, ಅವನ ಎರಡೂ ಕೈ ಹಿಡಿದು, ‘ಮೂರ ನಂಬರ ಬೆಲ್ಲಕ್ಕೂ ಗಿರಾಕಿ ಇರ್ತಾವ ಅಪ್ಪಣ್ಣಾ, ದನಾ ಏನ ಬಣ್ಣಾ ನೋಡಿ ತಿಂತಾವ?’ ಎಂದು ಧೈರ್ಯ ಹೇಳಿದ್ದರು. ಅಪ್ಪಣ್ಣ ಕಣ್ಣೊರೆಸಿಕೊಂಡಿದ್ದ. ಆ ಕರುಣೆಗೇ ಫ್ಲೆಕ್ಸಿನ ಕೆಳಸಾಲಿನಲ್ಲಿ ನಿಲೇಶನ ತಲೆಗೂ ಒಂದಿಷ್ಟು ಜಾಗ ಸಿಕ್ಕಿತ್ತು.

ರಾವಸಾಹೇಬ: ಅಂದ್ರ ನಾನು... ಮಗಳು ಬಾಲವಾಡಿಗೆ ಸೇರಿದ್ದಕ್ಕ ಚೌಕದಾಗ ಅಭಿನಂದನ ಹಾಕಿಸೇನಿ?

ಬಾಳಕ್ಕ: ಬರೋಬರ. ಈಗ ಚಹಾ ಮಾಡ್ತೇನಿ ತಡೀರಿ.

ರಾವಸಾಹೇಬ: ನನಗ ಮದಲ ಯಾಕ ಹೇಳಲಿಲ್ಲ?

ಬಾಳಕ್ಕ: ನನಗ ನಿನ್ನಿ ಗೊತ್ತಾತು, ಬಾಗಲಾ ಸಂದಿಂದ. ಅಕಿ ನಿಮಗ ಹೇಳಾಕ ಹೋದ ವಾರ ಎಲ್ಡ ಸಲಾ ಬಂದಿದ್ಲಂತ. ನೀವು ಫೋನಿನ್ಯಾಗ ಇದ್ರಿ.

ರಾವಸಾಹೇಬರಿಗೆ ನಾಚಿಕೆಯಾಗಬೇಕಾದ ಜಾಗದಲ್ಲಿ ಸಿಟ್ಟು ಬಂತು. ಅದು ಅವರ ಹಳೆಯ ರೂಢಿ. ಗೂಟದ ಮೇಲಿನ ಟೊಪ್ಪಿಗೆ ಎಳೆದುಕೊಂಡು ಎದ್ದು ನಿಂತರು.

ರಾವಸಾಹೇಬ: ಯಾರ ಅಕಿಗೆ ಒಂದ ಹಚ್ಚಿದಾವ್ರು? ಬಾಜಾರದಾಗ ನಾವು ಪೆಂಟಿ ಮುರದು, ಒಳಗ ನೋಡಿ, ನಾಲಿಗಿ ಮ್ಯಾಲ ಇಟ್ಟು, ಆಮ್ಯಾಲ ನಂಬರ ಹೇಳ್ತೇವಿ. ನನ್ನ ಮಗಳನ್ನ ಯಾಂವ ಒಳಗ ನೋಡ್ಯಾನ? ನಡಿ ಕಾಲೇಜಿಗೆ!

ರುತುಜಾ: (ಚಿಲಕ ಹಾಕಿದ ಬಾಗಿಲ ಹಿಂದಿನಿಂದ) ಬ್ಯಾಡ ಪಪ್ಪಾ! ಚೌಕದಾಗ ನಿಂತದ್ದ ಸಾಕ. ಕಾಲೇಜಿಗೂ ಬರಬ್ಯಾಡ್ರಿ.

ರಾವಸಾಹೇಬ: ಹೆಂಗ ಹಚ್ಚಿದ್ರವ್ವಾ ನಂಬರ?

ರುತುಜಾ: ಬರಸಿ ನೋಡಿದ್ರು. ‘ನಿಮ್ಮ ಮನಿಯವರ ಒಬ್ಬರ ಬಗ್ಗೆ ಇಂಗ್ಲಿಷಿನ್ಯಾಗ ಬರೀರಿ’ ಅಂದ್ರು. ನಾ ನಿಮ್ಮ ಬಗ್ಗೆ ಬರ್ಯಾಕ ಕುಂತ್ನಿ. ಬರದ್ನಿ, ಹೊಡದ ಹಾಕಿದ್ನಿ, ಮತ್ತ ಬರದ್ನಿ, ಮತ್ತ ಹೊಡದ ಹಾಕಿದ್ನಿ. ಗಂಟಿ ಆತು. ನಾಕ ಸಾಲ ಉಳದಿದ್ವು.

ರಾವಸಾಹೇಬ: ನನ್ನ ಬಗ್ಗೆ ಬರೇ ನಾಕ ಸಾಲ?

ರುತುಜಾ: ನನ್ನ ಇಂಗ್ಲಿಷಿನ್ಯಾಗ ನೀವು ಅಷ್ಟ ಹಿಡದ್ರಿ.

ರಾವಸಾಹೇಬ: ಮತ್ತ ಆ ನಿಲ್ಯಾ ಯಾರ ಬಗ್ಗೆ ಬರದ, ಮೂರಕ್ಕ ಏರಾಕ?

ರುತುಜಾ: ಅಂವಾ ‘ರೇಲ್ವೆ ಸ್ಟೇಶನ್ ಮ್ಯಾಲ ಒಂದ ತಾಸ’ ಬರದ.

ಬಾಳಕ್ಕ: ಗಡಹಿಂಗ್ಲಜಕ್ಕ ರೇಲ್ವೆನ ಇಲ್ಲಲ್ಲ!

ರುತುಜಾ: ಗೈಡಿನ್ಯಾಗ ಐತಿ ಅವ್ವಾ. ಹತ್ತನೇತ್ತಾಗ ಬಾಯಿಪಾಠ ಮಾಡಿದ್ದ. ‘ನಮ್ಮ ಪಪ್ಪಾ ನನ್ನ ಸ್ಟೇಶನ್ನಿಗೆ ಕರಕೊಂಡ ಹೋದ್ರು’ ಅಂತ ಮದಲ ಒಂದ ಸಾಲ ಹಚ್ಚಿದ, ಉಳದದ್ದೆಲ್ಲಾ ಹಮಾಲರು, ಗಾಡಿ, ಸೀಟಿ. ಒಂದೂ ತಪ್ಪಿಲ್ಲ.

ಬಾಳಕ್ಕ: ಅಪ್ಪಣ್ಣ ಸ್ಟೇಶನ್ನಿಗೆ ಕರಕೊಂಡ ಹೋದ್ನ? ನಾ ತವರಿಂದ ಬರೂವಾಗ ಎಸ್‌ಟಿ ಸ್ಟ್ಯಾಂಡಿನ ತನಕಾನೂ ಬರೂದಿಲ್ಲ ಅಂವಾ!

ರುತುಜಾ: ಒಂದರಾಗ ಒಂದೊಂದ ಸಾಲ ಬರ್ಯಾಕ ಕಲಸ್ತಾರ ಪಪ್ಪಾ. ಎರಡರಾಗ ಸಾಲ ಕೂಡಸಾಕ. ಮೂರರಾಗ ಪೂರಾ ಲೇಖನ. ನಮ್ಮ ವರ್ಗ ಸೈಕಲ್ ಸ್ಟ್ಯಾಂಡಿನ ಹಿಂದ ಐತಿ. ಯಾರೂ ನೋಡಬಾರದಂತ ನಾವೆಲ್ಲಾ ಹಿಂದಿನ ಬಾಗಲದಿಂದ ಕಳ್ಳರಂಗ ಹೋಗ್ತಿದ್ವಿ. ನೀವು ಅದನ್ನ ಒಯ್ದ ಚೌಕಕ್ಕ ಹಚ್ಚಿದ್ರಿ!

ಒಳಗೆ ಹುಡುಗಿ ಮೂಗು ಎಳೆದುಕೊಂಡದ್ದು ಹೊರಗೆ ಕೇಳಿಸಿತು. ಬಾಳಕ್ಕ ಗಂಡನ ಮೇಲೆ ಹಾರಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಖಾಲಿ ಬಸಿ ಎತ್ತಿಟ್ಟಳು.

ರಾವಸಾಹೇಬ: ನಮ್ಮ ಮನ್ಯಾಗ ಇಂಗ್ಲಿಷ ಬರದಾವ್ರ ಯಾರಿದ್ರು ಹೇಳು? ನಮ್ಮಪ್ಪ ಹೆಬ್ಬಟ್ಟ ಒತ್ತಿದ. ನಾ ಸಹಿ ಮಾಡ್ತೇನಿ, ಅದೂ ಮೋಡಿ ಅಕ್ಷರದಂಗ, ಯಾರಿಗೂ ಓದಾಕ ಬರೂದಿಲ್ಲ. ಅಕಿ ಹೆಸರ ಮುಂದ ಒಂದ ಅಂತ ಬಂದದ್ದ ನೋಡಿ ಮನಸ ತಡೀಲಿಲ್ಲ. ಅದಕ್ಕ ಹಾಕ್ಸಿದ್ನಿ.

ಗಂಡನ ಮೇಲೆ ಬಾಳಕ್ಕನಿಗೆ ಮರುಕ ಹುಟ್ಟಿತು. ಹುಟ್ಟಿದ್ದನ್ನು ಬೆಳೆಯಗೊಡದೆ ಅವಳು ಮತ್ತೆ ಕಿಟಕಿಯತ್ತ ಕೈ ತೋರಿಸಿದಳು.

ಬಾಳಕ್ಕ: ಮನಸ ತಡೀಲಿಲ್ಲಂತ ಮೀಸಿ ಅಷ್ಟ ದೊಡ್ಡದ ಮಾಡಸೂದು ಬೇಕಿತ್ತೇನ? ಇಳಸ್ರಿ.

ರಾವಸಾಹೇಬ: ಇಳಸ್ತೇನಿ. ಕತ್ಲ ಆಗ್ಲಿ.

ಬಾಳಕ್ಕ: ಏರಸೂವಾಗ ಪಟಾಕ್ಷಿ, ಇಳಸೂವಾಗ ಕತ್ಲ! ಈಗ ಹೋಗ್ರಿ.

ರಾವಸಾಹೇಬ: ಹಾಡಾಹಗಲಾಗ ನನ್ನನ್ನ ನಾನ ಹೆಗಲ ಮ್ಯಾಲ ಹೊತ್ಕೊಂಡ ಬರ್ಲೇನ? ಮಂದಿ ಏನಂತಾರ? ಅಪ್ಪಣ್ಣ ನೋಡಿದ್ರ...

ಅಷ್ಟರಲ್ಲಿ ಗೇಟಿನ ಬಳಿ, ಅಕ್ಕನ ಗಂಡನನ್ನು ‘ದಾಜೀ’ ಎಂದು ಕೂಗುವ ಸ್ವತಃ ಅಪ್ಪಣ್ಣನ ದನಿ ಕೇಳಿಸಿತು. ಒಂದು ಕೈಯಲ್ಲಿ ಪೇಡೆಯ ಡಬ್ಬಿ, ಇನ್ನೊಂದರಲ್ಲಿ ಶಾಲು, ಮುಖದ ತುಂಬ ನಗೆ. ರಾವಸಾಹೇಬರು ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ತಲೆ ಕೊಡಲು ಸಿದ್ಧರಾಗಿ ಕೂತರು.

ಅಪ್ಪಣ್ಣ: ದಾಜೀ! ಏನ ಫ್ಲೆಕ್ಸ್ ರೀ! ಏನ ಫ್ಲೆಕ್ಸ್!

ರಾವಸಾಹೇಬ: ಆತೋ ಮಾರಾಯಾ. ಬಂದದ್ದಕ್ಕ ಎರಡ ಹೊಡದ ಹೋಗು.

ಅಪ್ಪಣ್ಣ: ಹೊಡ್ಯೂದೇನ? ಊರೆಲ್ಲಾ ನಿಮ್ಮ ಮಾತ ಆಡಾಕತ್ತೈತಿ.

ರಾವಸಾಹೇಬ: ಆಡಲಿ. ನಗಲಿ.

ಅಪ್ಪಣ್ಣ: ನಗೂದೇನ ಬಂತು? ಹೊಟ್ಟಿ ಉರಕೊಳ್ಳಾಕತ್ತಾರ!

ರಾವಸಾಹೇಬ: ಚುಚ್ಚಬ್ಯಾಡ ಅಪ್ಪಣ್ಣಾ. ಅವತ್ತ ಬಾಳಿಹಣ್ಣ ತಂದದ್ದ ನನ್ನ ತಪ್ಪ.

ಅಪ್ಪಣ್ಣ: ಬಾಳಿಹಣ್ಣ ಭಾಳ ಚಲೋ ಇದ್ದುವಲ್ರಿ!

ರಾವಸಾಹೇಬ: ದನದ ಮಾತ ಆಡಿದ್ದೂ ತಪ್ಪ.

ಅಪ್ಪಣ್ಣ: ಆ ಮಾತ ನೆನಸ್ಕೊಂಡ ನಾ ಇಡೀ ವಾರ ಬದಕೇನಿ ದಾಜಿ! ಈಗ ನಿಮ್ಮ ಕಾಲ ಹಿಡ್ಯಾಕ ಬಂದೇನಿ. ನಿಮ್ಮ ವಶೀಲಿ ಹಚ್ಚಿ ನಮ್ಮ ನಿಲ್ಯಾನ್ನ ಮೂರರಿಂದ ಒಂದಕ್ಕ ಹಾಕಸ್ರಿ.

ರಾವಸಾಹೇಬರು ಹೆಂಡತಿಯ ಮುಖ ನೋಡಿದರು. ಬಾಳಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

ರಾವಸಾಹೇಬ: ಏನಂದಿ?

ಅಪ್ಪಣ್ಣ: ನಿಲ್ಯಾ ತಾನ ಹಟಾ ಹಿಡದಾನ್ರಿ. ‘ಪಪ್ಪಾ, ಮೂರರಾಗ ಏನೂ ಇಲ್ಲ, ಒಂದ ಭಾರೀ ಐತಿ, ಮಾಮಾಗ ಹೇಳಿ ಹಾಕಸು’ ಅಂತ ಅಳಾಕತ್ತಾನ. ಕಲೀಬೇಕಂತ ಇಷ್ಟ ಜೀವಾ ಬಿಡೂದು ನಾ ನೋಡಿದ್ದ ಇಲ್ಲ.

ರುತುಜಾ: (ಬಾಗಿಲ ಸಂದಿಯಿಂದ, ಮೆಲ್ಲಗೆ) ಅವ್ವಾ, ನಿನ್ನಿ ಮೂರನೇ ಲೆವೆಲ್ಲಿನಾವ್ರಿಗೆ ಸ್ವಂತ ಬರೀರಿ ಅಂದಾರ. ಗೈಡಿನ ಸ್ಟೇಶನ್ ಬಿಟ್ಟ.

ಬಾಳಕ್ಕನಿಗೆ ಎಲ್ಲ ತಿಳಿಯಿತು. ರಾವಸಾಹೇಬರಿಗೆ ಇಷ್ಟು ಮಾತ್ರ ತಿಳಿಯಿತು: ಅಪ್ಪಣ್ಣನಿಗೆ ಏನೂ ಗೊತ್ತಿಲ್ಲ. ಮಡಿಲಲ್ಲಿದ್ದ ಟೊಪ್ಪಿಗೆ ಮತ್ತೆ ತಲೆಗೇರಿತು. ಬೆನ್ನು ನೆಟ್ಟಗಾಯಿತು.

ರಾವಸಾಹೇಬ: ನೋಡೋಣ ಅಪ್ಪಣ್ಣಾ. ಒಂದಕ್ಕ ಹಾಕೂದಂದ್ರ ಹಗರ ಕೆಲಸಲ್ಲ.

ಬಾಳಕ್ಕ: ಹೌದ್ರಿ. ಭಾಳ ಕೆಳಗ ಇಳೀಬೇಕಾಗತೈತಿ.

ಅಪ್ಪಣ್ಣ: ಎಷ್ಟ ಬೇಕಾದ್ರೂ ಇಳೀತೇನಿ ಅಕ್ಕಾ!

ಅಪ್ಪಣ್ಣ ಶಾಲು ಬಿಡಿಸಿ ಹೊದಿಸಿದ, ರಾವಸಾಹೇಬರು ಹೊದಿಸಿಕೊಂಡರು. ಈ ಸತ್ಕಾರ ನಡೆದಿರುವಾಗಲೇ ಗೇಟಿನ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಚೀಲ, ಮೂವತ್ತರ ಒಳಗಿನ ಹೆಂಗಸು.

ಮೇಡಂ: ರುತುಜಾನ ಮನಿ ಇದನ ಏನ್ರಿ?

ಬಾಳಕ್ಕ: ನಮ್ಮವ್ರ ಚೌಕದಾಗ ನಿಂತ ದಾರಿ ತೋರಸ್ಲಿಲ್ಲೇನ್ರಿ? ಬರ್ರಿ, ಒಳಗ ಬರ್ರಿ.

ನೂತನ ಮೇಡಂ: ನಾ ನೂತನ ಅಂತ್ರಿ. ರುತುಜಾಗ ಕಾಲೇಜಿನ್ಯಾಗ ಬರವಣಿಗಿ ಕಲಸ್ತೇನಿ.

ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಬೆಳೆದವಳಾದ್ದರಿಂದ ಆಕೆಯ ಕನ್ನಡ ಸಲೀಸಾಗಿತ್ತು, ದನಿ ಮಾತ್ರ ಮಗ್ಗದ ಗದ್ದಲವನ್ನು ಮೀರಿ ಮಾತಾಡುವವರ ದನಿ. ಅಪ್ಪಣ್ಣ ಎದ್ದು ಕುರ್ಚಿ ಒರೆಸಿದ. ರಾವಸಾಹೇಬರು ಶಾಲಿನೊಳಗೆ ಸಣ್ಣಗಾದರು.

ನೂತನ ಮೇಡಂ: ಸಾಹೇಬ್ರ, ನಿಮ್ಮ ಫ್ಲೆಕ್ಸ್ ನನ್ನ ತಲಿ ತಿಂದ ಬಿಟ್ಟೈತ್ರಿ. ನಿನ್ನಿ ಮಧ್ಯಾಹ್ನದಿಂದ ಪ್ರಿನ್ಸಿಪಾಲ್ ಸಾಹೇಬರ ಖೋಲಿ ಮುಂದ ಪಾಲಕರ ಸಾಲ. ಎಲ್ಲಾರಿಗೂ ಲೆವೆಲ್ ಒಂದ ಬೇಕು. ಒಬ್ಬರ ಅಂದ್ರು, ‘ನಾವೂ ಬೆಲ್ಲದಾಗ ಅದೇವಿ, ನಮ್ಮ ಹುಡುಗಗ ಎದಕ ಮೂರ?’ ಇನ್ನೊಬ್ಬರ ಅಂದ್ರು, ‘ನಮ್ಮ ಜಾತಿ ನೋಡಿ ಮೂರಕ್ಕ ಹಾಕೀರಿ, ಮೋರ್ಚಾ ತರ್ತೇವಿ’ ಅಂತ.

ಬಾಳಕ್ಕ: ಅವರ ಹುಡುಗೂರರೆ ಬಾಯಿ ಬಿಡಬಾರದೇನ್ರಿ?

ನೂತನ ಮೇಡಂ: ಹುಡುಗೂರ ಶಾಣ್ಯಾ ಅದಾವ್ರಿ. ಒಂದರಾಗ ಬರ್ಯೂದ ಕಡಿಮಿ. ತುಟಿ ಹೊಲಕೊಂಡ ಕುಂತಾವ.

ಬಾಳಕ್ಕ: ಮತ್ತ ಮೂರರಾಗ ಈಗ ಯಾರ ಉಳದಾರ?

ನೂತನ ಮೇಡಂ: ಫ್ಯಾನ ಅದಾವ್ರಿ.

ಅಪ್ಪಣ್ಣ: ಮೇಡಂ, ಆ ಗದ್ದಲದಾಗ ನಮ್ಮ ಹುಡುಗನ್ನ ಮರೀಬ್ಯಾಡ್ರಿ. ನಿಲೇಶ ಅಂತ...

ನೂತನ ಮೇಡಂ: ಹಾಂ, ರೇಲ್ವೆ ಸ್ಟೇಶನ್! ಅವನ್ನ ನಾನ ಒಂದಕ್ಕ ಹಾಕಾಕತ್ತೇನ್ರಿ. ನಿನ್ನಿ ‘ನಿಮ್ಮ ಬಜಾರದ ಬಗ್ಗೆ ಬರಿ’ ಅಂದ್ರ, ಬಜಾರಕ್ಕೂ ಗಾಡಿ ಬಂತು, ಹಮಾಲರು ಓಡಿದ್ರು, ಸೀಟಿ ಹೊಡೀತು.

ಅಪ್ಪಣ್ಣ ಮುಂದಿನ ಮಾತು ಕೇಳಿಸಿಕೊಳ್ಳಲಿಲ್ಲ. ‘ಒಂದಕ್ಕ’ ಎಂಬಲ್ಲಿಗೇ ಅವನ ಕಣ್ಣು ತುಂಬಿ, ಪೇಡೆಯ ಡಬ್ಬಿಯನ್ನು ರಾವಸಾಹೇಬರ ಮುಂದಿನಿಂದ ಎತ್ತಿ ಮೇಡಂ ಮುಂದೆ ಇಟ್ಟ.

ಅಪ್ಪಣ್ಣ: ನಮ್ಮ ಮನೆತನಾನ ಉದ್ಧಾರ ಮಾಡಿದ್ರಿ! ಒಂದಕ್ಕ ಹಾಕಿದ್ರಿ!

ನೂತನ ಮೇಡಂ: ಮದಲ ಇಷ್ಟ ಖುಶೀಲೆ ಒಂದಕ್ಕ ಯಾರೂ ಬಂದಿದ್ದಿಲ್ರಿ... ಇರ್ಲಿ. ನಾ ಬಂದದ್ದ ಬ್ಯಾರೆ ಮಾತಿಗೆ. ರುತುಜಾನ್ನ ಸೋಮವಾರದಿಂದ ಎರಡಕ್ಕ ಕಳಸಾಕತ್ತೇನಿ.

ಅಪ್ಪಣ್ಣ ನಿಧಾನವಾಗಿ ರಾವಸಾಹೇಬರ ಹತ್ತಿರ ಸರಿದು, ಅವರ ಎರಡೂ ಕೈ ಹಿಡಿದುಕೊಂಡ.

ಅಪ್ಪಣ್ಣ: ದಾಜಿ. ಧೈರ್ಯಾ ಬಿಡಬ್ಯಾಡ್ರಿ. ಎರಡ ನಂಬರ ಬೆಲ್ಲ ದನಕ್ಕೇನ ಹಾಕೂದಿಲ್ಲ. ಮನಷ್ಯಾರ ತಿಂತಾರ.

ರಾವಸಾಹೇಬ: ಅಪ್ಪಣ್ಣಾ...

ಅಪ್ಪಣ್ಣ: ಅಳೂದಿದ್ರ ಅತ್ತ ಬಿಡ್ರಿ. ನಾ ಸಂಜೀಕ ಬಾಳಿಹಣ್ಣ ತರ್ತೇನಿ.

ಒಳಗೆ ಚಿಲಕ ಸರಿದ ಸದ್ದಾಯಿತು. ರುತುಜಾ ಹೊಸ್ತಿಲಲ್ಲಿ ನಿಂತಿದ್ದಳು, ಕೆದರಿದ ಕೂದಲು, ಊದಿದ ಕಣ್ಣು, ಆ ಕಣ್ಣಿನಲ್ಲಿ ನಿನ್ನೆಯಿಂದ ಇರದಿದ್ದ ಬೆಳಕು. ಬಾಳಕ್ಕನ ಎದೆ ಹಗುರಾಯಿತು. ಆದರೆ ರಾವಸಾಹೇಬರು ಮಗಳನ್ನು ನೋಡದೆ ಕಿಟಕಿಯಾಚೆ ಫ್ಲೆಕ್ಸಿನಲ್ಲಿದ್ದ ತಮ್ಮನ್ನೇ ನೋಡುತ್ತಿದ್ದರು.

ರಾವಸಾಹೇಬ: ಮೇಡಂ, ಈ ವರ್ಷ ಅಕಿ ಒಂದರಾಗ ಇರ್ಲ್ರಿ.

ನೂತನ ಮೇಡಂ: ಯಾಕ್ರಿ? ಅಕಿ ಮ್ಯಾಲ ಬಂದಾಳ!

ರಾವಸಾಹೇಬ: (ದನಿ ತಗ್ಗಿಸಿ) ಮ್ಯಾಲ ಬಂದದ್ದ ನನಗ ಗೊತ್ತೈತ್ರಿ. ಬಾಜಾರಕ್ಕ ಗೊತ್ತಿಲ್ಲ. ಒಂದ ಅಂತ ಹಾಕಿಸಿ ವಾರ ಆಗಿಲ್ಲ, ಎರಡಕ್ಕ ಬಿತ್ತು ಅಂದ್ರ ನಾಳೆ ಲಿಲಾವಿನಾಗ ನಾ ಹೆಂಗ ನಿಂದರ್ಲಿ?

ರುತುಜಾಳ ಕೈ ಮತ್ತೆ ಚಿಲಕದ ಮೇಲೆ ಹೋಯಿತು. ಬಾಳಕ್ಕ ಅದನ್ನು ಕಂಡಳು. ಗಂಡನ ಮೇಲೆ ಅವಳಿಗೆ ಬಂದ ಸಿಟ್ಟಿಗೆ ಈ ಸಲ ಚೇಷ್ಟೆಯ ಲೇಪ ಇರಲಿಲ್ಲ.

ಬಾಳಕ್ಕ: ಕೇಳ್ರಿ. ಚೌಕದಾಗ ನಿಂತಾವ್ರ ಮರ್ಯಾದಿ ಬೇಕೋ, ಬಾಗಲದಾಗ ನಿಂತಾಕಿ ಬೇಕೋ? ಎರಡರಾಗ ಒಂದ ಹೇಳ್ರಿ. ಅಕಿನ್ನ ಕಲಸೂದ ಬ್ಯಾಡಾದ್ರ ಶಿರೋಳಕ್ಕ ನಿಮ್ಮ ಅಕ್ಕಗ ಫೋನ ಹಚ್ಚಾಕ ನನಗೂ ಬರತೈತಿ.

ನೂತನ ಮೇಡಂ: ತಡೀರಿ ಬಾಯಾರ. ಅಕಿ ರಾತ್ರಿ ನನಗ ಏನ ಬರದ ಕಳಸ್ಯಾಳ ಅಂತರೆ ಕೇಳ್ರಿ. ‘ದಾರ್ಯಾಗ ಕಂಡದ್ದ ಬರೀರಿ’ ಅಂತ ಕೊಟ್ಟಿದ್ನಿ. ಒಂದೂ ಸಾಲ ಹೊಡದ ಹಾಕಿಲ್ಲ. ಭಾಳ ಸಿಟ್ಟಿನಾಗ ಇದ್ಲ ಅಂತ ಕಾಣ್ತೈತಿ.

ರುತುಜಾ: ಮೇಡಂ, ಬ್ಯಾಡ್ರಿ!

ಮೇಡಂ ಆಗಲೇ ಮೊಬೈಲು ತೆಗೆದಿದ್ದರು. ಇಂಗ್ಲಿಷಿನ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದರು.

ನೂತನ ಮೇಡಂ: ‘ನಮ್ಮ ಚೌಕದಾಗ ಒಂದ ದೊಡ್ಡ ಬೋರ್ಡ ಬಂದೈತಿ. ಅದರಾಗ ನಮ್ಮ ಪಪ್ಪಾ ಫೋನಿನ್ಯಾಗ ಮಾತಾಡಾಕತ್ತಾರ. ಯಾರ ಜೋಡಿ ಅಂತ ನನಗ ಗೊತ್ತಿಲ್ಲ. ನನ್ನ ಜೋಡಿ ಅಂತೂ ಅಲ್ಲ.’

ಅಪ್ಪಣ್ಣ ಕೂಡ ಬಾಯಲ್ಲಿದ್ದ ಪೇಡೆ ಅಗಿಯುವುದನ್ನು ನಿಲ್ಲಿಸಿದ. ರಾವಸಾಹೇಬರು ಹೆಗಲ ಮೇಲಿನ ಶಾಲು ತೆಗೆದು ಮಡಚಿದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು.

ರಾವಸಾಹೇಬ: ಯಾರ ಜೋಡಿನೂ ಇಲ್ಲವ್ವಾ. ಫೋಟೋದಂವ ‘ಕಿವಿಗೆ ಹಚ್ಗೋರಿ, ವಜನ ಬರತೈತಿ’ ಅಂದ. ಫೋನಿನ್ಯಾಗ ಚಾರ್ಜ ಸೈತ ಇದ್ದಿದ್ದಿಲ್ಲ.

ರುತುಜಾಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ರಾವಸಾಹೇಬರು ಅಪ್ಪಣ್ಣನ ಕಡೆ ತಿರುಗಿದರು. ಲಿಲಾವಿನಲ್ಲಿ ನಷ್ಟದ ಮಾಲು ಬಿಡುವಾಗಿನ ಮುಖ ಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ರಾವಸಾಹೇಬ: ಅಪ್ಪಣ್ಣಾ, ಒಂದ ಕೆಳಗಿಂದು. ಮೂರ ಮ್ಯಾಲಿಂದು. ನನ್ನ ಮಗಳು ಕೆಳಗಿದ್ಲು, ಸ್ವಂತ ಬರದ ಮ್ಯಾಲ ಬಂದ್ಲು. ನಿನ್ನ ಮಗ ಮ್ಯಾಲಿದ್ದ, ಈಗ ಕೆಳಗ ಬಂದ. ನಾ ತಪ್ಪ ತಿಳದಿದ್ನಿ.

ಅಪ್ಪಣ್ಣನ ಮುಖದಲ್ಲಿ ಮೊದಲು ಕನಿಕರ, ಆಮೇಲೆ ಒಂದು ಜಾಣ ನಗೆ ಮೂಡಿತು.

ಅಪ್ಪಣ್ಣ: ದಾಜಿ, ನಿಮ್ಮಂಥಾ ದೊಡ್ಡವ್ರಿಗೆ ಇದ ಶೋಭಾ ತರೂದಿಲ್ಲ. ನಿಮ್ಮಕಿ ಒಂದರಾಗ ಇರೂತನಕಾ ಒಂದ ಮ್ಯಾಲ. ಅಕಿ ಎರಡಕ್ಕ ಬಿದ್ಲು, ನಮ್ಮಂವ ಒಂದಕ್ಕ ಏರಿದ, ಕೂಡ್ಲೆ ಒಂದ ಕೆಳಗ ಆತು?

ರಾವಸಾಹೇಬ: ಖರೇನ ಹೇಳಾಕತ್ತೇನೋ! ಮೇಡಂಗ ಕೇಳು!

ಅಪ್ಪಣ್ಣ: ಮೇಡಂ ಪಾಪ, ನಿಮ್ಮ ಮನ್ಯಾಗ ಕುಂತು ಏನಂತಾರ? ಆ ಚೌಕದ ಜಾಗಾ ಖಾಲಿ ಆತಂದ್ರ ಹೇಳ್ರಿ, ನಮ್ಮ ನಿಲ್ಯಾನ ಫ್ಲೆಕ್ಸ್ ಹಾಕೂದೈತಿ. ಕೆಳಗಿನ ಸಾಲಿನಾಗ ನಿಮ್ಮ ಫೋಟೋನೂ ಹಾಕಸ್ತೇನಿ, ನನಗ ಹಂಗೇನ ಸಣ್ಣ ಮನಸಿಲ್ಲ.

ಅಪ್ಪಣ್ಣ ಹೊರಟೇಬಿಟ್ಟ. ಹೋಗುವಾಗ ಶಾಲನ್ನೂ ಮರೆಯದೆ ಒಯ್ದ. ನೂತನ ಮೇಡಂ ಎರಡೂ ಕೈಯಿಂದ ತಲೆ ಹಿಡಿದುಕೊಂಡು, ಇನ್ನೊಂದು ಫ್ಲೆಕ್ಸು ಬಂದರೆ ತಾನು ಇಚಲಕರಂಜಿಗೆ ವಾಪಸು ಹೋಗಿ ಮಗ್ಗ ನಡೆಸುವುದೇ ಮೇಲು ಎಂದರು.

ಬಾಳಕ್ಕ: ಕುಂಡ್ರಿ, ಚಹಾ ಕುಡೀರಿ. ರುತು, ನೀನೂ ಮಾರಿ ತೊಳಕೊಂಡ ಉಣ್ಣಾಕ ಬಾ. ಸೋಮವಾರ ಮುಂದಿನ ಬಾಗಲದಿಂದ ಹೋಗೂದೈತಿ.

ರಾವಸಾಹೇಬರು ಫ್ಲೆಕ್ಸ್ ಮಾಡುವ ಬಾಳಗೊಂಡನಿಗೆ ಫೋನು ಹಚ್ಚಿದರು. ಮನೆಯವರೆಲ್ಲ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಇದೂ ಒಂದು ಪ್ರಾಯಶ್ಚಿತ್ತವೇ ಆಗಿತ್ತು.

ರಾವಸಾಹೇಬ: ಬಾಳಗೊಂಡ, ಚೌಕದಾಗಿನ ನನ್ನ ಈಗಿಂದೀಗ ಇಳಸು. ಹೊಸಾದೊಂದ ಮಾಡು. ಹುಡುಗಿ ಫೋಟೋ ದೊಡ್ಡದು. ನಂದ ಬ್ಯಾಡ.

ಬಾಳಗೊಂಡ: (ಫೋನಿನಲ್ಲಿ) ಆತ್ರಿ ಸಾಹೇಬ್ರ. ಏನ ಬರೀಲ್ರಿ?

ರಾವಸಾಹೇಬ: ಬರಿ. ಕುಮಾರಿ ರುತುಜಾ, ಲೆವೆಲ್ ಒಂದರಿಂದ ಎರಡಕ್ಕ ಹೋದ ಪ್ರಯುಕ್ತ.

ಬಾಳಗೊಂಡ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ.

ಬಾಳಗೊಂಡ: ಕೆಟ್ಟ ಅನಸ್ತ್ರಿ ಸಾಹೇಬ್ರ. ಮತ್ತ ಮ್ಯಾಲ... ‘ಹಾರ್ದಿಕ ಅಭಿನಂದನ’ ಹಾಕ್ಲೋ, ‘ಭಾವಪೂರ್ಣ ಶ್ರದ್ಧಾಂಜಲಿ’ ಹಾಕ್ಲೋ?

ಬಾಳಕ್ಕ ಚಹಾದ ಬಸಿ ಕೆಳಗಿಟ್ಟು ಫೋನಿನತ್ತ ಬಗ್ಗಿದಳು.

ಬಾಳಕ್ಕ: ಎರಡೂ ಮಾಡಪ್ಪಾ. ಅಭಿನಂದನ ಹುಡುಗಿಗೆ, ಶ್ರದ್ಧಾಂಜಲಿ ನಿಮ್ಮ ಸಾಹೇಬರ ಶಾಣ್ಯಾತನಕ್ಕ. ಅದಕ್ಕ ಹೊಸಾ ಫೋಟೋ ಬ್ಯಾಡ, ಕಿವಿಗೆ ಫೋನ ಹಚ್ಗೊಂಡದ್ದ ನಡೀತೈತಿ.